ಧೋನಿ ಬಂದ, ಆಟ ಬರಲಿಲ್ಲ

ಹೋದ ಆಗಸ್ಟ್ 31ರಂದು ನಮ್ಮ ಸಂತೆಕಲ್ಲೂರಿನ ಹುಡುಗರ ಫೋನುಗಳಲ್ಲೆಲ್ಲ ಒಂದೇ ಸುದ್ದಿ. ಫ್ರೀ ಫೈರ್ ವಾಪಸ್ ಬರ್ತೈತಿ, ಸೆಪ್ಟೆಂಬರ್ 5ಕ್ಕೆ, ‘ಫ್ರೀ ಫೈರ್ ಇಂಡಿಯಾ’ ಅಂತ ಹೊಸ ಹೆಸರಿನಾಗ. ಮಹೇಂದ್ರ ಸಿಂಗ್ ಧೋನಿ ಅದರ ರಾಯಭಾರಿ. ಬರೀ ಜಾಹೀರಾತಿನಲ್ಲಿ ಅಲ್ಲ, ಆಟದ ಒಳಗೂ ‘ತಲಾ’ ಎಂಬ ಪಾತ್ರವಾಗಿ ಧೋನಿ ಇರುತ್ತಾರೆ ಎಂದು ಕಂಪನಿ ಹೇಳಿತ್ತು. ಹುಡುಗರು ದಿನ ಎಣಿಸಿದರು. ಇನ್ನು ಒಂದೇ ದಿನ ಇದೆ ಅನ್ನುವಾಗ ಇನ್ನೊಂದು ಸುದ್ದಿ ಬಂತು: ಆಟ ಸಿದ್ಧವಾಗಲು ಇನ್ನೂ ಕೆಲವು ವಾರ ಬೇಕು. ಈಗ 2023ರ ಡಿಸೆಂಬರ್ ನಡೆದಿದೆ. ಗಣಪತಿ ಹಬ್ಬ ಹೋಯಿತು, ದಸರಾ ಹೋಯಿತು, ದೀಪಾವಳಿಯೂ ಹೋಯಿತು. ಆಟ ಬಂದಿಲ್ಲ.

ಇದೂ ಒಂದು ಸುದ್ದಿಯಾ ಎಂದು ನೀವು ಕೇಳಬಹುದು. ಅದೇ ಸೆಪ್ಟೆಂಬರ್ 13ರಂದು ರಾಜ್ಯ ಸರ್ಕಾರ 195 ತಾಲ್ಲೂಕುಗಳಲ್ಲಿ ಬರ ಎಂದು ಘೋಷಿಸಿತು. ನವೆಂಬರ್ ಹೊತ್ತಿಗೆ ಅದು 223ಕ್ಕೆ ಏರಿತು. ರಾಜ್ಯದಲ್ಲಿ ಇರುವುದೇ 236 ತಾಲ್ಲೂಕು. ನಮ್ಮದು ಮಳೆ ನಂಬಿದ ಹೊಲ. ತೊಗರಿ ಮೊಣಕಾಲು ದಾಟಲಿಲ್ಲ. ಇಂಥ ವರ್ಷದಲ್ಲಿ ಮೊಬೈಲ್ ಆಟದ ಬಗ್ಗೆ ಬರೆಯುವುದೇ? ಇಂಥ ವರ್ಷದಲ್ಲೇ ಬರೆಯಬೇಕು ಅಂತ ನನಗೆ ಅನಿಸಿದೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಆಡದವರಿಗಾಗಿ ಮೊದಲು ಸ್ವಲ್ಪ ಹೇಳುತ್ತೇನೆ. ಫ್ರೀ ಫೈರ್ 2017ರಲ್ಲಿ ಬಂದ ಆಟ, ಸಿಂಗಾಪುರದ ಗರೇನಾ ಕಂಪನಿಯದು. 50 ಜನ ಪ್ಯಾರಾಚೂಟ್ ಕಟ್ಟಿಕೊಂಡು ಒಂದು ದ್ವೀಪಕ್ಕೆ ಬರಿಗೈಲಿ ಇಳಿಯುತ್ತಾರೆ. ಮನೆ ಮನೆ ಹುಡುಕಿ ಬಂದೂಕು, ಔಷಧಿ ಕೂಡಿಸಿಕೊಳ್ಳಬೇಕು. ಕೊನೆಯವರೆಗೆ ಉಳಿದವರು ಗೆದ್ದಂತೆ. ಗೆದ್ದರೆ ಪರದೆ ಮೇಲೆ ‘ಬೂಯಾ’ ಅಂತ ಬರುತ್ತದೆ. ಒಂದು ಆಟ ಹೆಚ್ಚುಕಡಿಮೆ 10 ನಿಮಿಷ. ಒಬ್ಬರೇ ಆಡಬಹುದು, ನಾಲ್ವರು ಸೇರಿ ಸ್ಕ್ವಾಡ್ ಮಾಡಿಕೊಂಡೂ ಆಡಬಹುದು.

ನಮ್ಮ ಕಡೆ ಬಯಲಾಟದಲ್ಲಿ ಭೀಮನ ಪಾರ್ಟು ಒಬ್ಬರಿಗೆ, ದುರ್ಯೋಧನನ ಪಾರ್ಟು ಇನ್ನೊಬ್ಬರಿಗೆ ಇರುತ್ತದಲ್ಲ, ಇಲ್ಲಿಯೂ ಹಾಗೆ. ಅಲೋಕ್ ಪಾತ್ರ ತೆಗೆದುಕೊಂಡವನು ಪಕ್ಕದವರ ಗಾಯ ಮಾಯಿಸುತ್ತಾನೆ. ಹೃತಿಕ್ ರೋಷನ್ ಅವರನ್ನು ನೋಡಿ ಮಾಡಿದ ಜೈ ಎಂಬ ಪಾತ್ರವೂ ಇದೆ. ಬಯಲಾಟದಲ್ಲಿ ಒಮ್ಮೆ ಕರ್ಣನ ಪಾರ್ಟು ಮಾಡಿದವನನ್ನು ಊರು ಸಾಯುವ ತನಕ ಕರ್ಣ ಅಂತಲೇ ಕರೆಯುವಂತೆ, ನಮ್ಮ ಹುಡುಗರಿಗೂ ಆಟದ ಹೆಸರೇ ಗಟ್ಟಿಯಾಗಿದೆ. ಬಸ್ ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಅದೇ ಹೆಸರಿನಲ್ಲಿ ಕೂಗುತ್ತಾರೆ.

ಪಬ್‌ಜಿಗೆ ಒಳ್ಳೆಯ ಫೋನ್ ಬೇಕಿತ್ತು. ಫ್ರೀ ಫೈರ್ ಸಣ್ಣ ಫೋನಿನಲ್ಲೂ ಓಡುತ್ತಿತ್ತು. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಫೋನ್ ಕೊಡಿಸಿದರು. ಪಾಠಕ್ಕೆ ನೆಟ್‌ವರ್ಕ್ ಸಿಗಲಿಲ್ಲ. ಆಟಕ್ಕೆ ಹೇಗೋ ಸಿಕ್ಕಿತು. ನಾನೂ ಆಗ ಕಾಲೇಜು ಇಲ್ಲದೆ ಮನೆಯಲ್ಲಿದ್ದೆ. ಅಣ್ಣನ ಹತ್ತಿರ ಕಲಿತು ಆಡಿದೆ. ಐಡಿಗೆ ಗಂಡು ಹುಡುಗನ ಹೆಸರು ಇಟ್ಟುಕೊಂಡೆ. ಗುರುತಿಲ್ಲದವರು ಸ್ಕ್ವಾಡಿನಲ್ಲಿ ಇದ್ದರೆ ಮೈಕ್ ಹಾಕುತ್ತಿರಲಿಲ್ಲ. ಹುಡುಗಿಯ ದನಿ ಕೇಳಿದರೆ ಏನೇನು ಮಾತು ಬರುತ್ತದೆ ಎಂದು ಆಡುವ ಹುಡುಗಿಯರಿಗೆಲ್ಲ ಗೊತ್ತಿದೆ.

2021ರಲ್ಲಿ ಎರಡನೇ ಲಾಕ್‌ಡೌನ್ ತೆರೆದ ಮೇಲೆ ಅಣ್ಣ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ನಮ್ಮ ಕಡೆ ಇದು ಹೊಸದೇನಲ್ಲ. ಬಿತ್ತಿದ್ದು ಬರದಿದ್ದರೆ ಗುಳೆ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಹೋದ ಮೇಲೆ ಅಣ್ಣ ದಿನಾ ಫೋನ್ ಮಾಡುತ್ತಿದ್ದ. ಆ ಮಾತು ಹೇಗಿರುತ್ತಿತ್ತು ಅಂದರೆ:

“ಉಂಡ್ಯಾ?”

“ಉಂಡೆ. ನೀ?”

“ಉಂಡೆ. ಅಜ್ಜಿ ಆರಾಮ ಅದಾಳಾ?”

“ಅದಾಳ.”

“ಹಂಗಾರ ಇಡ್ತೀನಿ.”

ಎರಡು ನಿಮಿಷ ಕೂಡ ಆಗುತ್ತಿರಲಿಲ್ಲ. ನಮ್ಮ ಕಡೆಯ ಗಂಡಸರು ಫೋನಿನಲ್ಲಿ ಇಷ್ಟೇ ಮಾತಾಡುವುದು. ಆದರೆ ರಾತ್ರಿ 9 ಗಂಟೆಗೆ ಅದೇ ಅಣ್ಣ ಆಟದೊಳಗೆ ಬರುತ್ತಿದ್ದ. ಸ್ಕ್ವಾಡಿನಲ್ಲಿ ಅವನು, ಕಾಕಾನ ಮಗ ಅಂದರೆ ನನ್ನ ತಮ್ಮ, ಪುಣೆಗೆ ಕೂಲಿಗೆ ಹೋಗಿದ್ದ ಅಣ್ಣನ ಗೆಳೆಯ, ನಾಲ್ಕನೆಯವಳು ನಾನು. ಆಟ ಶುರುವಾಗುವ ಮುಂಚೆ ಕಾಯಬೇಕು. ವಿಮಾನದಿಂದ ಇಳಿಯುವ ತನಕ ಕೆಲಸವಿಲ್ಲ. ಹುಲ್ಲಿನಲ್ಲಿ ಅಡಗಿ ಕೂತಾಗ ಸುಮ್ಮನಿರಬೇಕು. ಆ ಖಾಲಿ ಹೊತ್ತಿನಲ್ಲಿ ಅಣ್ಣ ಮಾತಾಡುತ್ತಿದ್ದ. ಹಲಗೆ ಜಾರಿ ಅಂಗೈ ಕುಯ್ದುಕೊಂಡದ್ದು, ಎರಡು ವಾರದ ಬಟವಾಡೆ ಕೈಗೆ ಬರದೇ ಇದ್ದದ್ದು, ಶೆಡ್ಡಿನ ಪಕ್ಕದ ಮನೆಯ ಕೂಸಿಗೆ ಜ್ವರ ಬಂದಾಗ ಎಲ್ಲರೂ ಸೇರಿ ಆಟೋ ಮಾಡಿಕೊಂಡು ಓಡಿದ್ದು, ಇದೆಲ್ಲ ನಮಗೆ ಗೊತ್ತಾದದ್ದು ಆಟದಲ್ಲೇ. ಅವ್ವನ ಮುಂದೆ ಫೋನಿನಲ್ಲಿ ಅವನು ಒಂದನ್ನೂ ಹೇಳಿರಲಿಲ್ಲ.

ಅಜ್ಜಿ ಪಕ್ಕದಲ್ಲಿ ಕೂತು ಅವನ ದನಿ ಕೇಳುತ್ತಿದ್ದಳು. ಆಟದ ಮಾತೂ ಅವಳಿಗೆ ಬಾಯಿಗೆ ಬಂದಿತ್ತು. ಅಣ್ಣ ಗುಂಡು ತಿಂದು ಬಿದ್ದರೆ, “ಲೇ, ನಿಮ್ಮಣ್ಣ ಬಿದ್ದಾನ, ಮದ್ಲ ಅವನ್ನ ಎಬ್ಬಸ್ರಿ” ಅಂತ ನಮ್ಮಿಬ್ಬರಿಗೂ ಹೇಳುತ್ತಿದ್ದಳು.

ಇದು ನಡೆದದ್ದು ಏಳೆಂಟು ತಿಂಗಳು. 2022ರ ಫೆಬ್ರವರಿ 14ಕ್ಕೆ ಕೇಂದ್ರ ಸರ್ಕಾರ 54 ಆ್ಯಪ್‌ಗಳನ್ನು ನಿಷೇಧಿಸಿದ ಸುದ್ದಿ ಬಂತು. ಅದರಲ್ಲಿ ಫ್ರೀ ಫೈರ್ ಕೂಡ ಇತ್ತು. 2020ರ ಗಾಲ್ವಾನ್ ಘರ್ಷಣೆ ಆದಾಗಿನಿಂದ ದೇಶದ ಭದ್ರತೆಯ ಕಾರಣಕ್ಕೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಪ್ರಕಾರ, ಹೀಗೆ ಆ್ಯಪ್‌ಗಳನ್ನು ನಿಲ್ಲಿಸುತ್ತಾ ಬಂದಿದ್ದಾರೆ. ಗರೇನಾ ಸಿಂಗಾಪುರದ್ದಾದರೂ ಅದರ ಮೂಲ ಕಂಪನಿಯಲ್ಲಿ ಚೀನಾದ ಟೆನ್ಸೆಂಟ್ ಪಾಲು ಹೊಂದಿತ್ತು. ದೇಶದ ಭದ್ರತೆ ದೊಡ್ಡ ಮಾತು. ಅದರ ಬಗ್ಗೆ ನನ್ನ ತಕರಾರಿಲ್ಲ.

ಅದೇ ಕಂಪನಿಯ ‘ಫ್ರೀ ಫೈರ್ ಮ್ಯಾಕ್ಸ್’ ಎಂಬ ಇನ್ನೊಂದು ಆಟ ಮಾತ್ರ ಉಳಿದುಕೊಂಡಿತು. ಹಳೆಯ ಐಡಿಯಿಂದಲೇ ಅದರೊಳಗೆ ಹೋಗಬಹುದು. ಹಾಗಾದರೆ ತೊಂದರೆ ಏನು ಅನ್ನುತ್ತೀರಾ? ಮ್ಯಾಕ್ಸ್ ಭಾರದ ಆಟ. ಚಿತ್ರಗಳು ಚೆಂದ, ಅದಕ್ಕೆ ಫೋನಿನಲ್ಲಿ ಜಾಗ ಹೆಚ್ಚು ಬೇಕು, ಶಕ್ತಿಯೂ ಹೆಚ್ಚು ಬೇಕು. ಅಣ್ಣನ ಫೋನಿನಲ್ಲಿ ಓಡಿತು, ನನ್ನದರಲ್ಲೂ ಓಡಿತು. ತಮ್ಮನದು ಪಾಠಕ್ಕೆಂದು 2020ರಲ್ಲಿ ತಂದ 2 ಜಿಬಿ ಫೋನು. ಇಳಿಯುವಷ್ಟರಲ್ಲಿ ಬಿಸಿಯಾಗಿ ಸಿಕ್ಕಿಕೊಳ್ಳುತ್ತಿತ್ತು. ಅವನು ಬಿಟ್ಟ. ಅವನಿಲ್ಲದ ಮೇಲೆ ಅಣ್ಣನೂ ಬೇಜಾರಾಗಿ ಕಡಿಮೆ ಮಾಡಿದ. ಮತ್ತೆ “ಉಂಡ್ಯಾ, ಉಂಡೆ” ಮಾತೇ ಉಳಿಯಿತು.

ಈ ಅಕ್ಟೋಬರಿನಲ್ಲಿ ಕಾಕಾ, ಚಿಗವ್ವ ಇಬ್ಬರೂ ಅಣ್ಣ ಇರುವ ಕಟ್ಟಡಕ್ಕೇ ಕೆಲಸಕ್ಕೆ ಹೋದರು. ತಮ್ಮನಿಗೆ ಈ ಸಲ ಎಸ್ಸೆಸ್ಸೆಲ್ಸಿ, ಅದಕ್ಕೆ ಅವನನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದಾರೆ. ಬರದ ವರ್ಷದಲ್ಲಿ ಆಟದ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಎಂದು ಈಗ ಗೊತ್ತಾಯಿತಲ್ಲ. ನಮ್ಮ ಓಣಿಯಲ್ಲಿ ದೊಡ್ಡವರು ಊರು ಬಿಟ್ಟ, ಮಕ್ಕಳು ಮುದುಕರು ಉಳಿದ ಮನೆ ನಮ್ಮದೊಂದೇ ಅಲ್ಲ.

ಹೀಗಾಗಿ ‘ಫ್ರೀ ಫೈರ್ ಇಂಡಿಯಾ’ ಅಂದಾಗ ತಮ್ಮನ ಮೊದಲ ಪ್ರಶ್ನೆ ಧೋನಿ ಬಗ್ಗೆ ಇರಲಿಲ್ಲ. “ಅಕ್ಕಾ, ಇದು ಸಾದಾ ಫ್ರೀ ಫೈರ್ ಹಂಗ ಹಗೂರ ಇರ್ತೈತೋ, ಮ್ಯಾಕ್ಸ್ ಹಂಗ ಭಾರ ಇರ್ತೈತೋ?” ಅಂತ ಕೇಳಿದ.

ಊರಿನ ಬೇರೆ ಹುಡುಗರನ್ನೂ ಮಾತಾಡಿಸಿದೆ. ಆಸೆಗಳು ಬೇರೆ ಬೇರೆ. ಆಟದ ಮಾಹಿತಿಯನ್ನೆಲ್ಲ ಹಿರಾನಂದಾನಿ ಗುಂಪಿನ ಯೋಟ್ಟಾ ಎಂಬ ಕಂಪನಿ ಭಾರತದಲ್ಲೇ ಇಡುತ್ತದೆ ಎಂದು ಹೇಳಿದ್ದರು. ಹಾಗಾದರೆ ಸರ್ವರ್ ಹತ್ತಿರ ಬಂದು ಆಟ ತಡವರಿಸುವುದು ಕಡಿಮೆಯಾದೀತು ಅಂತ ಒಬ್ಬನ ಆಸೆ. ನಾವು ಗುಂಡು ಹಾರಿಸುವ ಮುಂಚೆಯೇ ಎದುರಿನವನು ಹೊಡೆದಿರುತ್ತಾನೆ, ಅದು ಆಟದ ದೋಷವಲ್ಲ, ನೆಟ್‌ವರ್ಕ್ ದೋಷ ಅಂತ ಅವನ ವಾದ. ಸಿಂಧನೂರಿನಲ್ಲಿ ಐಟಿಐ ಓದುತ್ತಿರುವ ಇನ್ನೊಬ್ಬನಿಗೆ ಟೂರ್ನಮೆಂಟ್ ಆಸೆ. ಈ ಸಲ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ ಮೊದಲ ಸಲ ಪದಕ ಇಟ್ಟಿದ್ದರು. ಅಲ್ಲಿ ಫ್ರೀ ಫೈರ್ ಇರಲಿಲ್ಲ. ಅದು ಅವನಿಗೆ ಗೊತ್ತು. ಆದರೂ, “ಇವತ್ತಿಲ್ಲಂದ್ರ ನಾಳೆ ಬರ್ತೈತಿ ಬಿಡ್ರಿ” ಅನ್ನುತ್ತಾನೆ.

ಅನುಮಾನಗಳೂ ಅಷ್ಟೇ ಇವೆ. ಹುಡುಗರು ಪಬ್‌ಜಿಯ ಕಥೆ ನೋಡಿದ್ದಾರೆ. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ನಿಷೇಧವಾಯಿತು. 2021ರ ಜುಲೈ 2ಕ್ಕೆ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ವಾಪಸ್ ಬಂತು. 2022ರ ಜುಲೈ 28ಕ್ಕೆ ಅದೂ ಪ್ಲೇ ಸ್ಟೋರಿನಿಂದ ಮಾಯ. ಈ ವರ್ಷ ಮೇ 29ಕ್ಕೆ ಮತ್ತೆ ಬಂತು, ಅದೂ ಮೂರು ತಿಂಗಳು ನೋಡೋಣ ಎಂಬ ಷರತ್ತಿನ ಮೇಲೆ. ಹೆಸರಿನ ಪಕ್ಕ ‘ಇಂಡಿಯಾ’ ಅಂತ ಬರೆದ ಕೂಡಲೇ ಆಟ ಕಾಯಂ ಆಗುವುದಿಲ್ಲ ಎಂಬ ಪಾಠವನ್ನು ಹುಡುಗರು ಅಲ್ಲೇ ಕಲಿತಿದ್ದಾರೆ.

ಎರಡನೆಯ ಅನುಮಾನ ಹಳೆಯ ಐಡಿಯದು. ಹೊಸ ಆಟದಲ್ಲಿ ಹಳೆಯ ಹೆಸರು, ಹಳೆಯ ರ್‍ಯಾಂಕ್, ಗಳಿಸಿದ ಉಡುಪು ಇರುತ್ತವೋ, ಸೊನ್ನೆಯಿಂದ ಶುರು ಮಾಡಬೇಕೋ? ದೊಡ್ಡವರಿಗೆ ಇದು ನಗುವ ಮಾತು. ಆದರೆ ಎಸ್ಸೆಸ್ಸೆಲ್ಸಿ ಫೇಲಾಗಿ ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ನನಗೆ ಹೇಳಿದ: “ಅಕ್ಕಾರ, ನಾ ಏನರ ಪಾಸ್ ಆಗಿದ್ದು ಅಂದ್ರ ಅದೊಂದರಾಗ.” ಇದಕ್ಕೆ ನಗಲು ನನ್ನಿಂದ ಆಗಲಿಲ್ಲ.

ಮೂರನೆಯ ಅನುಮಾನ ನಮ್ಮ ಅಪ್ಪಂದಿರದು, ದುಡ್ಡಿನದು. ಆಟ ಪುಕ್ಕಟೆ, ಒಳಗಿನ ಡೈಮಂಡ್ ಪುಕ್ಕಟೆ ಅಲ್ಲ. ಅದಕ್ಕಿಂತ ಕೆಟ್ಟದ್ದು ಈ ಕಾಯುವ ತಿಂಗಳುಗಳಲ್ಲಿ ನಡೆಯಿತು. ‘ಫ್ರೀ ಫೈರ್ ಇಂಡಿಯಾ ಡೌನ್‌ಲೋಡ್ ಮಾಡಿ, 1000 ಡೈಮಂಡ್ ಉಚಿತ’ ಎಂಬ ಲಿಂಕ್‌ಗಳು ವಾಟ್ಸಾಪಿನಲ್ಲಿ ಓಡಾಡಿದವು. ಪಕ್ಕದ ಊರಿನ ಹುಡುಗನೊಬ್ಬ ಅವ್ವನ ಫೋನಿನಲ್ಲಿ ಒತ್ತಿದ. ಅವರು ಕೇಳಿದಂತೆ ಒಂದೊಂದೇ ನಂಬರ್ ತುಂಬಿದ. ಮಹಿಳಾ ಸಂಘದ ಕಂತಿಗೆಂದು ಅವ್ವ ಖಾತೆಯಲ್ಲಿ ಇಟ್ಟಿದ್ದ 4,200 ರೂಪಾಯಿ ಹೋಯಿತು. ಆ ತಾಯಿ ಮಗನಿಗೆ ಹೊಡೆಯಲಿಲ್ಲ. ಸಂಘದ ಸಭೆಗೆ ಹೋಗಲು ಮುಖವಿಲ್ಲ ಎಂದು ಎರಡು ವಾರ ಮನೆ ಬಿಟ್ಟು ಹೊರಗೆ ಬರಲಿಲ್ಲ.

ಆದ್ದರಿಂದ ಇದನ್ನು ಓದುತ್ತಿರುವ ತಮ್ಮಂದಿರೇ, ಗಮನ ಇಟ್ಟು ಕೇಳಿ. ಆಟ ಬಂದರೆ ಪ್ಲೇ ಸ್ಟೋರಿನಲ್ಲೇ ಬರುತ್ತದೆ. ವಾಟ್ಸಾಪ್ ಲಿಂಕಿನಲ್ಲಿ ಬಂದದ್ದನ್ನು ಫೋನಿಗೆ ಹಾಕಬೇಡಿ. ನಮಗೆ ಏನಾದರೂ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆಯೇ ಹೊರತು ಬರುವುದಿಲ್ಲ. ದುಡ್ಡು ಹೋಯಿತು ಅಂತ ಗೊತ್ತಾದ ತಕ್ಷಣ, ಮರ್ಯಾದೆ ಅಂತ ಕೂರದೆ, 1930 ನಂಬರಿಗೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಇನ್ನು ನನ್ನ ಅನುಮಾನ. ಹೊಸ ಆಟದಲ್ಲಿ ಪೋಷಕರ ನಿಗಾ ಇರುತ್ತದೆ, ಆಡುವ ಹೊತ್ತಿಗೆ ಮಿತಿ ಇರುತ್ತದೆ, ‘ಸ್ವಲ್ಪ ವಿಶ್ರಾಂತಿ ತಗೋ’ ಎಂದು ನೆನಪಿಸುತ್ತದೆ ಎಂದು ಕಂಪನಿ ಹೇಳಿದೆ. ಪಬ್‌ಜಿಯ ಹೊಸ ಅವತಾರದಲ್ಲಿ ಇದು ಈಗಾಗಲೇ ಇದೆ. 18 ವರ್ಷದ ಒಳಗಿನವರು ತಂದೆ-ತಾಯಿಯ ಫೋನ್ ನಂಬರ್ ಕೊಡಬೇಕು. ಅವರಿಗೆ ದಿನಕ್ಕೆ 3 ತಾಸು, ದೊಡ್ಡವರಿಗೆ 6 ತಾಸು. ಮಿತಿ ಬೇಕು. ರಾತ್ರಿ 2 ಗಂಟೆ ತನಕ ಆಡಿ ಬೆಳಿಗ್ಗೆ ಕ್ಲಾಸಿನಲ್ಲಿ ಮಲಗುವ ಹುಡುಗರನ್ನು ನಾನೂ ನೋಡಿದ್ದೇನೆ. ನನ್ನನ್ನು ಕೇಳಿದರೆ ಪರೀಕ್ಷೆ ಇರುವವರಿಗೆ 3 ತಾಸೂ ಹೆಚ್ಚೇ.

ಆದರೆ ಈ ನಿಯಮ ಮಾಡಿದವರ ಕಣ್ಣ ಮುಂದೆ ಇರುವ ಮನೆ ಯಾವುದು? ಮಗ ಕೋಣೆಯಲ್ಲಿ ಆಡುತ್ತಾನೆ, ಅಪ್ಪ ಪಡಸಾಲೆಯಲ್ಲಿ ಕೂತಿರುತ್ತಾನೆ, ಅಂಥ ಮನೆ. ನಮ್ಮ ಕಾಕಾ ಇರುವುದು 400 ಕಿಲೋಮೀಟರಿಗೂ ದೂರ, ಆರನೇ ಮಹಡಿಯ ಮೇಲೆ, ಕೈಯಲ್ಲಿ ಸಿಮೆಂಟು, ಜೇಬಿನಲ್ಲಿ ಬಟನ್ ಫೋನು. ಒಪ್ಪಿಗೆಯ ನಂಬರ್ ಆ ಫೋನಿಗೆ ಬಂದರೆ ಏನಾಗುತ್ತದೆ? ಮಗ ಫೋನ್ ಮಾಡಿ, “ಯಪ್ಪಾ, ಒಂದು ನಂಬರ್ ಬಂದೈತಿ, ಹೇಳು” ಅನ್ನುತ್ತಾನೆ. ಕಾಕಾ ಕನ್ನಡ ಓದುತ್ತಾರೆ, ಇಂಗ್ಲಿಷ್ ಬಾರದು. ಯಾರನ್ನಾದರೂ ಕೇಳಿ ಓದಿ ಹೇಳುತ್ತಾರೆ. ಕಾಗದದ ಮೇಲೆ ಅಪ್ಪನ ಒಪ್ಪಿಗೆ ಸಿಕ್ಕಂತಾಯಿತು. ಮಗ ಯಾರ ಜೊತೆ ಆಡುತ್ತಾನೆ, ಎಷ್ಟು ಹೊತ್ತು ಆಡುತ್ತಾನೆ ಎಂದು ಅಪ್ಪನಿಗೆ ಒಂದಕ್ಷರವೂ ಗೊತ್ತಾಗಲಿಲ್ಲ. ಹೀಗೆ ನಂಬರ್ ಓದಿ ಹೇಳುವುದು ರೂಢಿಯಾದರೆ ನಾಳೆ ಕಳ್ಳರಿಗೂ ಅದೇ ಅನುಕೂಲ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಆಟ ಬಂದರೆ 2 ಜಿಬಿ ಫೋನಿನಲ್ಲೂ ಓಡಲಿ. ಹಳೆಯ ಐಡಿ ಉಳಿಯಲಿ. ಒಪ್ಪಿಗೆ ಕೇಳುವ ಸಂದೇಶ ಕನ್ನಡದಲ್ಲಿ ಬರಲಿ, ಮಗ ಏನು ಆಡುತ್ತಾನೆ, ಎಷ್ಟು ಹೊತ್ತು, ಎಷ್ಟು ಖರ್ಚು ಎಂದು ಅಪ್ಪ ಓದುವಂತೆ ಬರೆದಿರಲಿ. ದೂರ ಇರುವ ಅಪ್ಪ-ಅವ್ವನ ಬದಲು ಮನೆಯಲ್ಲಿರುವ ದೊಡ್ಡವರು ಒಪ್ಪಿಗೆ ಕೊಡಲೂ ದಾರಿ ಇರಲಿ.

ಗುಳೆ ಹೋಗಿರುವ ಅಪ್ಪಂದಿರಿಗೂ ಒಂದು ಮಾತು. ನಿಮ್ಮ ಫೋನಿಗೆ ಅಂಥ ನಂಬರ್ ಬಂದರೆ ಸುಮ್ಮನೆ ಓದಿ ಹೇಳಬೇಡಿ. ‘ಯಾರ ಜೊತಿ ಆಡ್ತಿಯಪಾ?’ ಅಂತ ಕೇಳಿ. ಬೈಯಬೇಡಿ, ಕೇಳಿ. ಮಗ ಆ ಒಂದು ಪ್ರಶ್ನೆಗೆ ಅರ್ಧ ತಾಸು ಉತ್ತರ ಕೊಟ್ಟರೂ ಕೊಟ್ಟಾನು.

ಕಂಪನಿ ಹೇಳಿದ ಕೆಲವು ವಾರ ಮುಗಿಯುವುದನ್ನು ನಾವು ಕಾಯಲಿಲ್ಲ. ನಮ್ಮ ಮನೆಯಲ್ಲಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಭಾನುವಾರ ರಾತ್ರಿ 9ಕ್ಕೆ ನನ್ನ ಫೋನ್ ತಮ್ಮನಿಗೆ. ಅದರಲ್ಲಿ ಮ್ಯಾಕ್ಸ್ ಓಡುತ್ತದೆ. ಎರಡೇ ಆಟ, ಆಮೇಲೆ ಓದು. ನಾನು, ಅಜ್ಜಿ ಪಕ್ಕದಲ್ಲಿ ಕೂರುತ್ತೇವೆ. ಅತ್ತ ಶೆಡ್ಡಿನಲ್ಲಿ ಅಣ್ಣ ಆಡುತ್ತಾನೆ, ಕಾಕಾ ಚಿಗವ್ವ ಅವನ ಪಕ್ಕ ಕೂರುತ್ತಾರೆ. ಪುಣೆಯ ಗೆಳೆಯನೂ ಬರುತ್ತಾನೆ. ನಾಲ್ಕನೆಯ ಜಾಗ ಖಾಲಿ ಇರುತ್ತದೆ. ಯಾರೋ ಗುರುತಿಲ್ಲದವರು ಬಂದು ಸೇರಿ, ನಮ್ಮ ಮನೆಮಾತು ಕೇಳಿ ಗಾಬರಿಯಾಗಿ ಹೋಗುತ್ತಾರೆ.

ಹೋದ ಭಾನುವಾರ ತಮ್ಮ, ಅಣ್ಣ ಇಬ್ಬರೂ ಒಂದು ಗೋಡೆಯ ಹಿಂದೆ ಅಡಗಿ ಕೂತಿದ್ದರು. ಇನ್ನು ಏಳು ಜನ ಉಳಿದಿದ್ದರು. ಯಾರೂ ಉಸಿರೆತ್ತುತ್ತಿರಲಿಲ್ಲ. ಆಗ ಅತ್ತಲಿಂದ ಕಾಕಾ ಮೈಕಿಗೆ ಬಾಯಿ ಹಚ್ಚಿ ಕೇಳಿದರು:

“ಗಣಿತದಾಗ ಎಷ್ಟ ಬಂದಾವೋ?”

ತಮ್ಮ, “ಯಪ್ಪಾ, ನೆಟ್‌ವರ್ಕ್ ಹೊಂಟೈತಿ” ಅಂದ. ಅಜ್ಜಿ ಫೋನಿನ ಹತ್ತಿರ ಬಗ್ಗಿ, “ಎಲ್ಲಿ ಹೊಂಟೈತಿ, ಚಲೋ ಕೇಳ್ಸಾಕತ್ತೈತಿ” ಅಂದಳು.